ವಾಣಿಜ್ಯ ಬಡಾವಣೆಯ ಬೀದಿ: ಜಲ್ಲಿ, ಡಾಂಬರು, ನೀರು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಪಟ್ಟಣಗಳ ಅಂಚಿನಲ್ಲಿ ಸಾಲಾಗಿ ನೆಟ್ಟ ಗಡಿಕಲ್ಲುಗಳನ್ನೂ ಅವುಗಳ ನಡುವೆ ಹಾಯುವ ಹೊಸ ಕರಿಯ ಬೀದಿಗಳನ್ನೂ ವಾಚಕರು ಕಂಡಿರಬಹುದು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ 17ನೆಯ ಪ್ರಕರಣದಂತೆ, ಜಮೀನನ್ನು ನಿವೇಶನಗಳಾಗಿ ವಿಂಗಡಿಸುವವನು ಮೊದಲು ಯೋಜನಾ ಪ್ರಾಧಿಕಾರದ ಮಂಜೂರಾತಿ ಪಡೆಯಬೇಕು. ಬೀದಿ ಚರಂಡಿಗಳನ್ನು ಸ್ವಂತ ಖರ್ಚಿನಿಂದ ನಿರ್ಮಿಸಿ, ಬೀದಿಗಳನ್ನು ಸ್ಥಳೀಯ ಸಂಸ್ಥೆಗೆ ಬೆಲೆಯಿಲ್ಲದೆ ಒಪ್ಪಿಸಬೇಕು. ಒಪ್ಪಿಸಿದ ಮರುವರ್ಷವೇ ಬೀದಿ ಕಿತ್ತುಹೋದರೆ, ದುರಸ್ತಿಯ ಹೊರೆ ಊರಿನ ತೆರಿಗೆದಾರರ ಪಾಲಿಗೆ ಬರುವುದು. ಇದು ಕೇವಲ ಎಂಜಿನಿಯರರ ಚಿಂತೆಯಲ್ಲ.

ವಾಸದ ಮನೆಗಳ ಬೀದಿಗೆ ಸಾಲುವ ಹಾಸು ಅಂಗಡಿ, ಗೋದಾಮುಗಳ ಬೀದಿಗೆ ಏಕೆ ಸಾಲದು? 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ ರಸ್ತೆಗಳನ್ನೇ ಪ್ರಯೋಗಶಾಲೆಯಾಗಿಸಿ ಲಾರಿಗಳನ್ನು ಓಡಿಸಿದರು. ಒಂದು ಅಚ್ಚು ರಸ್ತೆಗೆ ಮಾಡುವ ಹಾನಿಯು ಅದರ ಭಾರದ ಸುಮಾರು ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುವುದೆಂದು ಅಲ್ಲಿ ಕಂಡುಬಂದಿತು. ಲೆಕ್ಕದ ಮಾನವಾಗಿ ಹಿಡಿದಿರುವ ಅಚ್ಚಿನ ಭಾರ 8160 ಕಿಲೋಗ್ರಾಂ. ಕಾರಿನ ಅಚ್ಚು 800 ಕಿಲೋಗ್ರಾಂ ಹೊರುವುದೆನ್ನೋಣ. ಭಾರಗಳ ಪ್ರಮಾಣ 10.2, ಅದರ ನಾಲ್ಕನೆಯ ಘಾತ ಹತ್ತು ಸಾವಿರಕ್ಕೂ ಮಿಗಿಲು! ಲಾರಿಯ ಒಂದು ಅಚ್ಚು ಹಾದುಹೋದರೆ ಕಾರಿನ ಹತ್ತು ಸಾವಿರ ಅಚ್ಚುಗಳು ಹಾದಂತೆ. ಸಿಮೆಂಟು, ಕಬ್ಬಿಣ, ರೇಷ್ಮೆಗೂಡುಗಳನ್ನು ಹೊತ್ತ ಬಂಡಿಗಳು ತಿರುಗಾಡುವ ಬೀದಿಯಲ್ಲಿ ಕಾರುಗಳನ್ನು ಎಣಿಸುವುದು ವ್ಯರ್ಥ. ಲಾರಿಗಳನ್ನು ಎಣಿಸಿದರೆ ಸಾಕು.

ಈ ಭಾರವನ್ನು ಕೊನೆಗೆ ಹೊರುವುದು ನೆಲದ ಮಣ್ಣು. ನಡುವಿನ ಜಲ್ಲಿಯ ಹಾಸುಗಳ ಕೆಲಸವು ಭಾರವನ್ನು ಹರಡುವುದು. ಚಕ್ರವು 15 ಸೆಂಟಿಮೀಟರು ತ್ರಿಜ್ಯದ ವೃತ್ತವನ್ನು ಒತ್ತುವುದೆಂದೂ, ಒತ್ತಡವು 45 ಡಿಗ್ರಿ ಓರೆಯಲ್ಲಿ ಕೆಳಗೆ ಹರಡುವುದೆಂದೂ ಸ್ಥೂಲವಾಗಿ ಭಾವಿಸಿದರೆ, 45 ಸೆಂಟಿಮೀಟರು ಆಳದಲ್ಲಿ ತ್ರಿಜ್ಯವು 60 ಆಗುವುದು. ವಿಸ್ತೀರ್ಣ ಹದಿನಾರರಷ್ಟು, ಒತ್ತಡ ಹದಿನಾರನೆಯ ಒಂದು ಪಾಲು. ದಪ್ಪವನ್ನು ಕದ್ದವನು ಈ ಭಾಗಾಕಾರವನ್ನೇ ಕದ್ದಂತೆ.

ಎಷ್ಟು ದಪ್ಪ ಬೇಕೆಂಬುದನ್ನು ಮಣ್ಣೇ ಹೇಳಬೇಕು. ಅದಕ್ಕೆ ಕ್ಯಾಲಿಫೋರ್ನಿಯಾದಿಂದ ಬಂದ ಒಂದು ಪರೀಕ್ಷೆಯುಂಟು. ದಮ್ಮಸು ಮಾಡಿದ ಮಣ್ಣನ್ನು ನಾಲ್ಕು ದಿನ ನೀರಿನಲ್ಲಿ ನೆನೆಸಿ, 50 ಮಿಲಿಮೀಟರು ವ್ಯಾಸದ ಉಕ್ಕಿನ ದಂಡವನ್ನು ಅದರೊಳಕ್ಕೆ 2.5 ಮಿಲಿಮೀಟರು ಒತ್ತುವರು. ಒಳ್ಳೆಯ ಜಲ್ಲಿಗಾದರೆ ಇದಕ್ಕೆ 1370 ಕಿಲೋಗ್ರಾಂ ಭಾರ ಬೇಕು; ಅದನ್ನು ನೂರೆಂದು ಹಿಡಿಯುತ್ತಾರೆ. ಪರೀಕ್ಷಿಸಿದ ಮಣ್ಣಿಗೆ 82 ಕಿಲೋಗ್ರಾಂ ಸಾಕಾದರೆ ಅದರ ಅಂಕ 6. ಮಣ್ಣನ್ನು ನೆನೆಸುವುದೇ ಇಲ್ಲಿಯ ಜಾಣತನ. ಬೇಸಗೆಯಲ್ಲಿ ಕಲ್ಲಿನಂತಿರುವ ಕೆರೆಯಂಗಳದ ಜೇಡಿ ಮಣ್ಣು ಮಳೆಗಾಲದಲ್ಲಿ ಏನಾಗುವುದೆಂದು ರೈತನನ್ನು ಕೇಳಿದರೂ ತಿಳಿಯುವುದು.

ಜಲ್ಲಿಗೆ ಈ ಸೀಮೆಯಲ್ಲಿ ಬಡತನವಿಲ್ಲ. ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಇಲ್ಲಿಯ ಗ್ರಾನೈಟಿಗೆ ಭೂವಿಜ್ಞಾನಿಗಳು ರಾಮನಗರದ ಹಳೆಯ ಹೆಸರಿನಿಂದಲೇ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಹೆಸರಿಟ್ಟಿದ್ದಾರೆ. ಕಲ್ಲು ಗಟ್ಟಿಯಾದರೂ ಒಂದು ಕುಂದುಂಟು. ಸಿಲಿಕಾ ಹೆಚ್ಚಾಗಿರುವ ಕಲ್ಲಿಗೆ ಡಾಂಬರಿಗಿಂತ ನೀರಿನ ಮೇಲೆ ಒಲವು ಹೆಚ್ಚು. ನೀರು ಬಿರುಕಿನಲ್ಲಿ ಇಳಿದು ಕಲ್ಲಿನ ಮೈಯನ್ನು ಒದ್ದೆಮಾಡುತ್ತ, ಡಾಂಬರಿನ ತೆಳು ಪೊರೆಯನ್ನು ಎಬ್ಬಿಸುವುದು. ಮೇಲ್ಮೈ ಎಳೆತದ ಪಾಠವನ್ನು ಓದಿದ ವಿದ್ಯಾರ್ಥಿಗೆ ಇದು ಆಶ್ಚರ್ಯವಲ್ಲ. ಮಿಶ್ರಣದಲ್ಲಿ ಜಲ್ಲಿಯ ತೂಕದ ನೂರಕ್ಕೆ ಎರಡು ಪಾಲು ಅರಳಿದ ಸುಣ್ಣವನ್ನು ಸೇರಿಸಿದರೆ ಹಿಡಿತ ಹೆಚ್ಚುವುದು. ಡಾಂಬರು ಬಳಿದ ಜಲ್ಲಿಯನ್ನು 40 ಡಿಗ್ರಿಯ ನೀರಿನಲ್ಲಿ ಒಂದು ದಿನ ಮುಳುಗಿಸಿಟ್ಟು, ಎಷ್ಟು ಭಾಗದ ಪೊರೆ ಕಿತ್ತುಬಂದಿತೆಂದು ನೋಡುವುದು ರೂಢಿಯ ಪರೀಕ್ಷೆ.

ನೀರಿನ ಕೊಳವೆ, ಒಳಚರಂಡಿಗಳು ಡಾಂಬರಿಗೆ ಮುಂಚೆಯೇ ನೆಲದಡಿ ಸೇರಬೇಕು. ಹೊಸ ಬೀದಿಯನ್ನು ಅಗೆದು ಕೊಳವೆ ಹಾಕುವ ದೃಶ್ಯ ನಮ್ಮಲ್ಲಿ ಅಪರೂಪವೇನಲ್ಲ. ತೋಡಿ ಮುಚ್ಚಿದ ಮಣ್ಣು ಹಿಂದಿನ ಸಾಂದ್ರತೆಗೆ ಬರುವುದು ಬಲು ಕಷ್ಟ.

ಉಳಿದದ್ದು ಬೀದಿಯ ಉಬ್ಬು. ನಡುವಿನಿಂದ ಅಂಚಿಗೆ 40ಕ್ಕೆ 1ರಂತೆ ಇಳಿಜಾರಿದ್ದರೆ ಮಳೆನೀರು ನಿಲ್ಲದೆ ಚರಂಡಿಗೆ ಹರಿಯುವುದು. 7 ಮೀಟರು ಅಗಲದ ಡಾಂಬರು ಪಟ್ಟಿಯಲ್ಲಿ ನಡುವಿನಿಂದ ಅಂಚಿಗೆ ದಾರವನ್ನು ಮಟ್ಟಸವಾಗಿ ಬಿಗಿಹಿಡಿದರೆ, ಅಂಚಿನಲ್ಲಿ ದಾರಕ್ಕೂ ನೆಲಕ್ಕೂ ಸುಮಾರು 9 ಸೆಂಟಿಮೀಟರು ಅಂತರವಿರಬೇಕು. ವಾಹನಗಳಿಲ್ಲದ ಹೊಸ ಬಡಾವಣೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಒಂದು ದಾರ, ಒಂದು ಅಳತೆಪಟ್ಟಿ, ಬಡಗಿಯ ರಸಮಟ್ಟ ಇವುಗಳಿಂದ ಇದನ್ನು ಅಳೆಯಬಹುದು.