ಬಡವರಿಗೂ ಒಂದು ಪಂಕ್ತಿ

ಮನೆಗೆ ಬಂದ ನೆಂಟರಿಗೆ ಊಟವನ್ನು ಬಾಗಿಲಲ್ಲೇ ಕೈಗಿತ್ತು ಕಳುಹಿಸುತ್ತೇವೆಯೇ? ಒಳಗೆ ಕರೆದು, ಕೂರಿಸಿ ಬಡಿಸುತ್ತೇವೆ. ಹಾಗಾದರೆ ಬೀದಿಯಲ್ಲಿ ಮಲಗುವವರಿಗೆ ಮಾತ್ರ ಪೊಟ್ಟಣವೇಕೆ?

ರೋಮಿನಲ್ಲಿ 1968ರಲ್ಲಿ ಆರಂಭವಾದ ಸಂತ್ ಎಜೀದಿಯೊ ಸಮುದಾಯದವರು 1982ರ ಕ್ರಿಸ್ಮಸ್ ದಿನ, ತ್ರಾಸ್ತೆವೆರೆಯ ಸಂತ ಮರಿಯಮ್ಮನವರ ದೇವಾಲಯದೊಳಗೇ ಮೇಜು ಹಾಕಿ ಸುಮಾರು 20 ಮಂದಿ ಬಡವರಿಗೆ ಉಣಬಡಿಸಿದರು. 1988ರಲ್ಲಿ ಅವರು ದಾಂದೊಲೊ ಬೀದಿಯಲ್ಲಿ ತೆರೆದ ಭೋಜನಶಾಲೆಯಲ್ಲಿಯೂ ಸ್ವಯಂಸೇವಕರು ಅತಿಥಿ ಕುಳಿತಲ್ಲಿಗೇ ಬಂದು ಬಡಿಸುತ್ತಾರೆ.

ಇಷ್ಟೊಂದು ಮುತುವರ್ಜಿ ಏತಕ್ಕೆ? ಮನೆಯಿಲ್ಲದವನಿಗೆ ಅನ್ನದ ಹಸಿವಿನ ಜೊತೆಗೆ ಹೆಸರು ಹಿಡಿದು ಕರೆಯುವವರಿಲ್ಲದ ಹಸಿವೂ ಇರುತ್ತದೆ. ಪೊಟ್ಟಣವೂ ಒಳ್ಳೆಯದೇ, ಹೊಟ್ಟೆ ತುಂಬಿಸುತ್ತದೆ. ಆದರೆ ಪಂಕ್ತಿಯಲ್ಲಿ ಕುಳಿತವನಿಗೆ ಮಾನವೂ ಮರಳುತ್ತದೆ.

ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲೇ ಉಂಡು ಇಲ್ಲದವರು ಹಸಿದಿದ್ದಾಗ, ಅದು ಪ್ರಭುವಿನ ಭೋಜನವೇ ಅಲ್ಲವೆಂದು ಸಂತ ಪೌಲರು ಖಂಡಿಸಿದರು. ಬಲಿಪೀಠದ ಬಳಿ ಪರಮಪ್ರಸಾದ ಸ್ವೀಕರಿಸುವ ನಾವು ಬಡವನ ಜೊತೆ ಉಣ್ಣಲು ಹಿಂಜರಿಯಬಹುದೇ?

ಮುಂದಿನ ಸಲ ನಿಮ್ಮ ಧರ್ಮಕೇಂದ್ರದಲ್ಲಿ ಬಡವರಿಗೆ ಊಟ ಏರ್ಪಡಿಸಿದಾಗ ಮಕ್ಕಳನ್ನೂ ಕರೆತನ್ನಿರಿ. ಬಡಿಸಿರಿ, ಅವರ ಹೆಸರು ಕೇಳಿರಿ, ಬಳಿಕ ಅವರ ಪಕ್ಕದಲ್ಲೇ ಕುಳಿತು ನೀವೂ ಉಣ್ಣಿರಿ.