ಬುಟ್ಟಿ ಹೆಣೆಯಲು ಬಿದಿರನ್ನು ಸಿದ್ಧಪಡಿಸುವ ಕ್ರಮ

ಪ್ಲಾಸ್ಟಿಕ್ ಸಾಮಾನು ಎಷ್ಟೇ ಬಂದಿದ್ದರೂ ಮೊರ, ಕುಕ್ಕೆ, ಮಂಕರಿ, ರೇಷ್ಮೆ ಸಾಕಣೆಯ ತಟ್ಟೆ, ಚಂದ್ರಿಕೆ ಮುಂತಾದವು ಮೈಸೂರು ಸೀಮೆಯ ರೈತರ ಮನೆಗಳಲ್ಲಿ ಇಂದಿಗೂ ಬಿದಿರಿನವೇ ಬಳಕೆಯಲ್ಲಿವೆ. ಮೈಸೂರು ನಗರದ ಬಂಬೂ ಬಜಾರ್ ಮತ್ತು ಮೇದರ ಬ್ಲಾಕ್ ಈ ಕಸುಬಿನಿಂದಲೇ ಹೆಸರು ಪಡೆದಿವೆ. ಗೌರಿ ಹಬ್ಬ ಬಂತೆಂದರೆ ಬಾಗಿನದ ಮೊರಕ್ಕೆ ಎಲ್ಲಿಲ್ಲದ ಬೇಡಿಕೆ.

ಒಂದೇ ದಿನ ಕೊಂಡ ಎರಡು ಮಂಕರಿಗಳಲ್ಲಿ ಒಂದು ವರ್ಷಗಟ್ಟಲೆ ಬಾಳುತ್ತದೆ, ಇನ್ನೊಂದು ಕೆಲವೇ ತಿಂಗಳಲ್ಲಿ ಪುಡಿ ಉದುರಿಸುತ್ತದೆ. ಇದಕ್ಕೆ ಹೆಣಿಗೆಗಿಂತ ಹೆಚ್ಚಾಗಿ ಬಿದಿರನ್ನು ಆರಿಸಿದ, ಕಡಿದ ಮತ್ತು ಸೀಳಿದ ರೀತಿಯೇ ಕಾರಣ. ನಿಮ್ಮ ಬದುವಿನಲ್ಲಿ ಬಿದಿರಿನ ಮೆಳೆ ಇದ್ದರೆ ಈ ವಿಷಯಗಳನ್ನು ನೀವು ಅವಶ್ಯವಾಗಿ ತಿಳಿದಿರಬೇಕು.

ಯಾವ ಬಿದಿರು?

ಕಿರುಬಿದಿರು ಬಹುಪಾಲು ಗಟ್ಟಿಯಾಗಿರುವುದರಿಂದ ಏಣಿ, ಕೋಲು, ಗಿಡಗಳ ಆಸರೆಗೆ ಒಳ್ಳೆಯದು. ಎಳೆ ತೆಗೆಯಲು ಟೊಳ್ಳಾದ, ಗಣ್ಣುಗಳ ನಡುವೆ ಹೆಚ್ಚು ಅಂತರವಿರುವ, ನೆಟ್ಟಗೆ ಬೆಳೆದ ಬಿದಿರೇ ಬೇಕು.

ವಯಸ್ಸನ್ನು ಹೀಗೆ ಗುರುತಿಸಿ:

1. ಒಂದು ವರ್ಷದೊಳಗಿನದು: ಗಣ್ಣುಗಳಲ್ಲಿ ಹಾಳೆಯಂಥ ಪೊರೆ ಉಳಿದಿರುತ್ತದೆ, ಮೈಮೇಲೆ ಬಿಳಿಯ ಪುಡಿ ಇರುತ್ತದೆ. ಇದನ್ನು ಕಡಿಯಬೇಡಿ. ಮುಂದಿನ ಕಳಲೆಗಳು ಮೂಡುವುದು ಮುಖ್ಯವಾಗಿ ಇಂಥ ಎಳೆಯ ಬಿದಿರಿನ ಬುಡದ ಗೆಡ್ಡೆಯಿಂದಲೇ.
2. ಎರಡರಿಂದ ಮೂರು ವರ್ಷದ್ದು: ಪೊರೆ ಉದುರಿ ಮೈ ನುಣುಪಾಗಿ ಹಸಿರಾಗಿರುತ್ತದೆ. ಹೆಣಿಗೆಗೆ ಇದೇ ಶ್ರೇಷ್ಠ.
3. ಹೆಚ್ಚು ಬಲಿತದ್ದು: ಬಣ್ಣ ಮಾಸಿ ಹಳದಿಗೆ ತಿರುಗಿ ಬಿಳಿ ಮಚ್ಚೆಗಳು ಮೂಡಿರುತ್ತವೆ. ಬಾಗಿಸಿದರೆ ಮುರಿಯುತ್ತದೆ. ಚಪ್ಪರ, ತೊಲೆಗೆ ಬಳಸಿ.

ಕಡಿಯುವ ಕಾಲ

ಮಳೆಗಾಲದಲ್ಲಿ ಕಳಲೆ ಏಳುವಾಗ ಮೆಳೆಗೆ ಕತ್ತಿ ಹಾಕಬಾರದು. ನವೆಂಬರ್‌ನಿಂದ ಫೆಬ್ರವರಿವರೆಗೆ ಕಡಿಯುವುದು ಸೂಕ್ತ. ಬಿದಿರನ್ನು ಕೊರೆಯುವ ಕುಟ್ಟೆ ಹುಳುವಿಗೆ ಅದರಲ್ಲಿರುವ ಪಿಷ್ಟವೇ ಆಹಾರ. ಈ ತಿಂಗಳುಗಳಲ್ಲಿ ಪಿಷ್ಟದ ಅಂಶ ಕಡಿಮೆಯಿರುತ್ತದೆ. ನೆಲದಿಂದ ಮೇಲಿನ ಮೊದಲ ಅಥವಾ ಎರಡನೆಯ ಗಣ್ಣಿನ ಮೇಲ್ಗಡೆಯೇ ಕತ್ತರಿಸಿ. ಮೋಟಿನಲ್ಲಿ ನೀರು ನಿಂತರೆ ಬುಡ ಕೊಳೆಯುತ್ತದೆ.

ಸೀಳುವ ವಿಧಾನ

ಉತ್ತರ ಅಮೆರಿಕದಲ್ಲಿ ಆಶ್ ಎಂಬ ಮರದ ದಿಮ್ಮಿಯನ್ನು ಕೊಡತಿಯಿಂದ ಬಡಿದು, ವರ್ಷದ ಉಂಗುರಗಳನ್ನು ಪದರ ಪದರವಾಗಿ ಬಿಡಿಸಿ ಬುಟ್ಟಿ ಹೆಣೆಯುವವರಿದ್ದಾರೆ. ಬಿದಿರಿಗೆ ಅಷ್ಟು ಶ್ರಮ ಬೇಡ. ಅದರ ನಾರು ಉದ್ದಕ್ಕೂ ನೇರವಾಗಿದೆ. ಆದರೆ ಹಸಿಯಿರುವಾಗಲೇ ಸೀಳಬೇಕು. ಒಣಗಿದರೆ ಸಿಬಿರೇಳುತ್ತದೆ.

ಬೇಕಾದ ಉದ್ದಕ್ಕೆ ಗರಗಸದಿಂದ ಕತ್ತರಿಸಿ, ಗಣ್ಣಿನ ಉಬ್ಬನ್ನು ಕತ್ತಿಯಿಂದ ಹೆರೆಯಿರಿ. ಮೊದಲು ಸರಿಯಾಗಿ ಎರಡು ಹೋಳು ಮಾಡಿ, ನಂತರ ನಾಲ್ಕು, ಆಮೇಲೆ ಎಂಟು, ಹೀಗೆ ಪ್ರತಿ ಸಲವೂ ಸಮನಾಗಿ ಅರ್ಧಿಸುತ್ತಾ ಹೋಗಿ. ಒಳಗಿನ ಗಣ್ಣಿನ ತಡೆಯನ್ನು ತೆಗೆದುಹಾಕಿ.

ಇನ್ನು ದಬ್ಬೆಯಿಂದ ಎಳೆ ಬಿಡಿಸಬೇಕು. ತುದಿಯಲ್ಲಿ ಕತ್ತಿಯಿಂದ ಬಾಯಿ ಬಿಡಿಸಿ, ಎರಡೂ ಪದರಗಳನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ಅಗಲಿಸಿ. ಸೀಳು ಒಂದು ಕಡೆಗೆ ಓಡಿ ಆ ಪದರ ತೆಳ್ಳಗಾಗುತ್ತಿದ್ದರೆ, ದಪ್ಪವಾದ ಪದರವನ್ನು ಹೆಚ್ಚು ಬಾಗಿಸಿ. ಹೆಚ್ಚು ಬಾಗಿದ ಕಡೆಗೆ ಸೀಳು ತಿರುಗುತ್ತದೆ. ದಪ್ಪ ಮತ್ತೆ ಸಮನಾಗುತ್ತದೆ. ಇಡೀ ಕಸುಬಿನ ಮರ್ಮ ಇದೇ. ಹೆಣೆಯುವ ಎಳೆ ಸುಮಾರು 1 ಮಿ.ಮೀ. ದಪ್ಪವಿದ್ದರೆ ಸಾಕು, ನಿಲುವಿನ ಕಡ್ಡಿಗಳು ಅದಕ್ಕಿಂತ ದಪ್ಪವಿರಲಿ. ಹೊರ ಸಿಪ್ಪೆಯಿರುವ ಎಳೆ ಹೆಚ್ಚು ಗಟ್ಟಿ. ಭಾರ ಹೊರುವ ಮಂಕರಿಗೆ, ಅಂಚಿಗೆ ಅದನ್ನೇ ಬಳಸಿ. ಒಳಭಾಗದ ಎಳೆ ಹಗುರವಾದ ಬುಟ್ಟಿಗಳಿಗೆ ಸಾಕು.

ಎಳೆಗಳನ್ನು ನೆರಳಿನಲ್ಲಿ ಗಾಳಿಯಾಡುವಂತೆ ಒಣಗಿಸಿ ಕಟ್ಟಿಡಬಹುದು. ಹೆಣೆಯುವ ಹಿಂದಿನ ರಾತ್ರಿ ನೀರಿನಲ್ಲಿ ನೆನೆಸಿದರೆ ಮತ್ತೆ ಬಾಗುವ ಗುಣ ಬರುತ್ತದೆ.

ಹುಳುವಿನಿಂದ ರಕ್ಷಣೆ

ಕೂಡಲೇ ಸೀಳದ ಬಿದಿರನ್ನು ಕೆಲವು ವಾರ ಕೆರೆ ಅಥವಾ ಹೊಂಡದ ನೀರಿನಲ್ಲಿ ಮುಳುಗಿಸಿಡಿ. ಪಿಷ್ಟ ಮತ್ತು ಸಕ್ಕರೆ ಅಂಶ ಕರಗಿ ಹೋಗಿ ಹುಳುವಿನ ಕಾಟ ಕಡಿಮೆಯಾಗುತ್ತದೆ. ಸಿದ್ಧವಾದ ಬುಟ್ಟಿಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ತಾಗುವಂತೆ ಇಡುವ ಹಿರಿಯರ ಪದ್ಧತಿಯೂ ಒಳ್ಳೆಯದೇ. ಮೊರಕ್ಕೆ ನೆನೆಸಿದ ಕಾಗದ ಮತ್ತು ಮೆಂತ್ಯ ರುಬ್ಬಿ ಬಳಿದರೆ ಸಂದು ಮುಚ್ಚಿ ಹೆಚ್ಚು ಕಾಲ ಬಾಳುತ್ತದೆ.

ರೇಷ್ಮೆ ಬೆಳೆಗಾರರೇ, ಎಚ್ಚರಿಕೆ! ತಟ್ಟೆ, ಚಂದ್ರಿಕೆಗಳ ಬಿದಿರಿಗೆ ಕೀಟನಾಶಕವನ್ನು ಎಂದಿಗೂ ಹಚ್ಚಬೇಡಿ. ಕುಟ್ಟೆ ಹುಳುವನ್ನು ಕೊಲ್ಲುವ ಔಷಧಿ ರೇಷ್ಮೆ ಹುಳುವನ್ನೂ ಕೊಲ್ಲುತ್ತದೆ. ಇಡೀ ಬೆಳೆಯೇ ಕೈತಪ್ಪಬಹುದು. ಕೊಳ್ಳುವಾಗಲೂ ಈ ಬಗ್ಗೆ ವಿಚಾರಿಸಿ. ಸೋಂಕು ನಿವಾರಣೆಗೆ 100 ಲೀಟರ್ ನೀರಿಗೆ 2 ಕಿ.ಗ್ರಾಂ ಬ್ಲೀಚಿಂಗ್ ಪುಡಿ ಮತ್ತು 300 ಗ್ರಾಂ ಅರಳಿದ ಸುಣ್ಣ ಬೆರೆಸಿದ ದ್ರಾವಣ ಬಳಸಿ, ಬಿಸಿಲಿನಲ್ಲಿ ಒಣಗಿಸಿ.

ಮಾರುವ ಮುನ್ನ

2017ರಲ್ಲಿ ಭಾರತೀಯ ಅರಣ್ಯ ಕಾಯ್ದೆಯ ‘ಮರ’ ಎಂಬ ವ್ಯಾಖ್ಯೆಯಿಂದ ಬಿದಿರನ್ನು ಕೈಬಿಡಲಾಯಿತು. ಆದರೂ ಬಿದಿರನ್ನು ಸಾಗಿಸುವ ಮೊದಲು ಹತ್ತಿರದ ಅರಣ್ಯ ಕಚೇರಿಯಲ್ಲಿ ನಿಯಮಗಳನ್ನು ವಿಚಾರಿಸುವುದು ಒಳಿತು. ಬಿದಿರನ್ನು ವಯಸ್ಸಿಗೆ ತಕ್ಕಂತೆ ವಿಂಗಡಿಸಿ ಹಸಿಯಾಗಿಯೇ ಒದಗಿಸಿದರೆ ಮೇದರಿಗೂ ಕೆಲಸ ಹಗುರ, ನಿಮಗೂ ಒಳ್ಳೆಯ ಬೆಲೆ ಕೇಳಲು ಆಧಾರ. ಎಳೆಯದನ್ನು ಉಳಿಸಿ, ಬೆಳೆದದ್ದನ್ನು ಕಡಿಯುತ್ತಾ ಹೋದರೆ ಒಂದೇ ಮೆಳೆ ಬಹು ವರ್ಷಗಳ ಕಾಲ ನಿಮಗೆ ಆದಾಯ ಕೊಡುತ್ತದೆ.