ಟೆಕ್ಸಸ್‌ನಲ್ಲಿ ಬೆಳಕು ನೋಡುವುದು

ಮಕ್ಕಳ ಮನೆಗೆಂದು ಟೆಕ್ಸಸ್‌ಗೆ ಹೋಗುವ ನಮ್ಮ ಕಡೆಯ ಅಪ್ಪ-ಅಮ್ಮಂದಿರ ಓಡಾಟ ಹೆಚ್ಚುಕಡಿಮೆ ಒಂದೇ ಥರ. ಹ್ಯೂಸ್ಟನ್ನಿನಲ್ಲಿ ನಾಸಾ, ಪಿಯರ್‌ಲ್ಯಾಂಡಿನ ಮೀನಾಕ್ಷಿ ದೇವಸ್ಥಾನ. ಡಲ್ಲಾಸ್‌ನಲ್ಲಿ ಕೆನಡಿಗೆ ಗುಂಡು ಬಿದ್ದ ಡೀಲಿ ಪ್ಲಾಜಾ. ಆಸ್ಟಿನ್ನಿನಲ್ಲಿ ಕೆಂಪು ಗ್ರಾನೈಟಿನ ಕ್ಯಾಪಿಟಲ್. ನಡುನಡುವೆ ಹೆದ್ದಾರಿ. ಊರಿಗೆ ಮರಳಿದವರನ್ನು ಹೇಗಿತ್ತೆಂದು ಕೇಳಿದರೆ, "ರಸ್ತೆ ಚೆನ್ನಾಗಿದೆ" ಎನ್ನುತ್ತಾರೆ. ಮಗಳು ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿ ನೆಲೆಸಿದ ಮೇಲೆ ಆ ಊರುಗಳಿಗೆ ಹೋಗಿಬರುತ್ತಿರುವ ನನಗೆ ಈ ಮಾತು ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಏಕೆಂದರೆ ಈ ಮೂರು ಊರುಗಳ ಆಸುಪಾಸಿನಲ್ಲಿ, ಕಳೆದ ಶತಮಾನದ ದೊಡ್ಡ ವಾಸ್ತುಶಿಲ್ಪಿಗಳು, ಕಲಾವಿದರು ಬೆಳಕನ್ನೇ ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿಸಿದ ಕಟ್ಟಡಗಳಿವೆ. ಅವುಗಳಲ್ಲಿ ಹಲವಕ್ಕೆ ಟಿಕೆಟ್ಟೇ ಇಲ್ಲ.

ಒಂದು ದಿನಕ್ಕೆ ಒಂದೇ ಜಾಗ ಎಂಬುದು ನಾನು ಅಲ್ಲಿ ಮೊದಲು ಕಲಿತ ಪಾಠ. ಹ್ಯೂಸ್ಟನ್ನಿನಿಂದ ಡಲ್ಲಾಸ್ ಸುಮಾರು 385 ಕಿ.ಮೀ., ಆಸ್ಟಿನ್ 265 ಕಿ.ಮೀ. ಊರೊಳಗೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಗಂಟೆ ಹಿಡಿಯುತ್ತದೆ. ಬಂದದ್ದೇ ಬಂದಿದ್ದೇವೆ, ಎಲ್ಲ ಮುಗಿಸಿಬಿಡೋಣ ಎಂಬ ನಮ್ಮ ಯಾತ್ರೆಯ ಅಭ್ಯಾಸ ಅಲ್ಲಿ ದಣಿವನ್ನಷ್ಟೇ ಕೊಡುತ್ತದೆ. ಅಳಿಯಂದಿರು ಮೆಡಿಕಲ್ ಸೆಂಟರಿನ ಬಳಿ ಕೆಲಸಕ್ಕೆ ಹೋಗುವಾಗ ನನ್ನನ್ನೂ ಕರೆದೊಯ್ದು ರೆಡ್ ಲೈನ್ ರೈಲು ಹತ್ತಿಸುತ್ತಿದ್ದರು. ಸ್ವಲ್ಪ ಹೊತ್ತಿನಲ್ಲೇ ಮ್ಯೂಸಿಯಂ ಡಿಸ್ಟ್ರಿಕ್ಟ್ ಬಂದುಬಿಡುತ್ತದೆ. ಅಲ್ಲಿನ ಫೈನ್ ಆರ್ಟ್ಸ್ ಮ್ಯೂಸಿಯಂನ ಶಾಶ್ವತ ಸಂಗ್ರಹವನ್ನು ಗುರುವಾರ ಶುಲ್ಕವಿಲ್ಲದೆ ನೋಡಬಹುದು. ಹೊರಗೆ ಬಿಸಿಲು ಎಷ್ಟೇ ಇರಲಿ, ಒಳಗೆ ಮೈ ನಡುಗುವಷ್ಟು ತಂಪು. ಒಂದು ಶಾಲು ಜೊತೆಯಲ್ಲಿರಲೇಬೇಕು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಮೆನಿಲ್ ಕಲೆಕ್ಷನ್. ಯುದ್ಧಕಾಲದಲ್ಲಿ ಫ್ರಾನ್ಸ್ ಬಿಟ್ಟು ಬಂದ ಜಾನ್ ಮತ್ತು ಡೊಮಿನಿಕ್ ದ ಮೆನಿಲ್ ದಂಪತಿ ಹ್ಯೂಸ್ಟನ್ನಿನಲ್ಲಿ ನೆಲೆಯೂರಿದರು. ತೈಲಬಾವಿಗಳ ಕೆಲಸದ ಶ್ಲುಂಬರ್ಜರ್ ಕಂಪನಿ ಡೊಮಿನಿಕ್ ಅವರ ತವರಿನದು. ಆ ಸಂಪತ್ತಿನಿಂದ ಕೂಡಿಸಿದ ಕಲೆಯನ್ನು ಅವರು ಊರಿಗೇ ಕೊಟ್ಟರು. 1987ರಲ್ಲಿ ತೆರೆದ ಈ ಸಂಗ್ರಹಾಲಯಕ್ಕೆ ಇಂದಿಗೂ ಶುಲ್ಕವಿಲ್ಲ. ಇಟಲಿಯ ರೆಂಜೊ ಪಿಯಾನೊ ಇದನ್ನು ರೂಪಿಸಿದ್ದು ಅಕ್ಕಪಕ್ಕದ ಹಳೆಯ ಬಂಗಲೆಗಳಿಗಿಂತ ಎದ್ದು ಕಾಣದಂತೆ. ಮನೆಗಳೂ ಬೂದುಬಣ್ಣ, ಮ್ಯೂಸಿಯಮ್ಮೂ ಬೂದುಬಣ್ಣ, ಮುಂದೆ ಹುಲ್ಲು, ಓಕ್ ಮರಗಳ ನೆರಳು. ಮಾಡಿಗೆ ಗಾಜು, ಗಾಜಿನ ಕೆಳಗೆ ಸಾಲಾಗಿ ಬಾಗಿದ ಸಿಮೆಂಟಿನ ಎಲೆಗಳು. ಟೆಕ್ಸಸ್‌ನ ಉರಿಬಿಸಿಲು ಆ ಎಲೆಗಳಿಗೆ ತಾಗಿ ಮೆತ್ತಗಾಗಿ ಚಿತ್ರಗಳ ಮೇಲೆ ಇಳಿಯುತ್ತದೆ. ಒಮ್ಮೆ ಮೋಡ ಹಾದುಹೋದಾಗ ಕೋಣೆಯೆಲ್ಲ ಮಂಕಾಯಿತು. "ಅಜ್ಜಿ, ಲೈಟು ಯಾರು ಆರಿಸಿದ್ರು?" ಎಂದಳು ಮೊಮ್ಮಗಳು. ಅವಳ ಕೈ ಹಿಡಿದು ಮೋಡ ಸರಿಯುವವರೆಗೂ ಅಲ್ಲೇ ನಿಂತೆವು. ಸರಿದ ಮೇಲೆ ಅದೇ ಚಿತ್ರದಲ್ಲಿ ಮುಂಚೆ ಕಾಣದ ಒಂದು ನೀಲಿ ಮೇಲೆದ್ದು ಬಂತು.

ಅಲ್ಲಿಂದ ಕೂಗಳತೆಯಲ್ಲಿ ರಾತ್ಕೊ ಚಾಪೆಲ್ ಇದೆ. ಇದನ್ನು ಕಟ್ಟಿಸಿದ್ದೂ ಅದೇ ದಂಪತಿ. ಎಂಟು ಮೂಲೆಯ ಕೋಣೆ, ಕಪ್ಪಿಗೆ ತಿರುಗಿದ 14 ದೊಡ್ಡ ಚಿತ್ರಗಳು, ನಡುವೆ ಬೆಂಚುಗಳು, ಅಷ್ಟೆ. 1971ರಲ್ಲಿ ಇದು ತೆರೆಯುವ ಮೊದಲೇ ಚಿತ್ರಕಾರ ಮಾರ್ಕ್ ರಾತ್ಕೊ ತೀರಿಹೋಗಿದ್ದ. ಒಳಗೆ ಕಾಲಿಟ್ಟವರು ಏನೂ ಇಲ್ಲವೆಂದು ಬೇಗನೆ ಹೊರಡುವುದನ್ನು ಕಂಡಿದ್ದೇನೆ. ಆದರೆ ಕೂತರೆ ಕಣ್ಣು ಹೊಂದಿಕೊಳ್ಳುತ್ತದೆ. ಕಪ್ಪಿನೊಳಗಿನಿಂದ ನೇರಳೆ, ಕಂದು ನಿಧಾನವಾಗಿ ಹೊರಬರುತ್ತವೆ. ಯಾವ ಧರ್ಮದವರೂ ಬಂದು ತಮ್ಮ ಪಾಡಿಗೆ ಕೂರಬಹುದು. ಒಳಗೆ ಫೋಟೊ ತೆಗೆಯುವಂತಿಲ್ಲ, ಹಾಗಿರುವುದೇ ಒಳ್ಳೆಯದು.

ಹ್ಯೂಸ್ಟನ್ನಿನದೇ ಆದ ರೈಸ್ ವಿಶ್ವವಿದ್ಯಾಲಯದ ಆವರಣದಲ್ಲಿ ಕಲಾವಿದ ಜೇಮ್ಸ್ ಟರೆಲ್ 2012ರಲ್ಲಿ ಮಾಡಿದ ಸ್ಕೈಸ್ಪೇಸ್ ಇದೆ. ಹುಲ್ಲಿನ ದಿಬ್ಬದ ಮೇಲೆ ತೆಳುವಾದ ಬಿಳಿ ಚಾವಣಿ, ಅದರ ನಡುವೆ ಚೌಕದ ತೆರಪು. ನಮ್ಮ ತೊಟ್ಟಿಮನೆಯಲ್ಲಿ ಕೂತು ತಲೆಯೆತ್ತಿದಂತೆ ಆಕಾಶದ ಒಂದು ತುಂಡು ಕಾಣುತ್ತದೆ. ಸೂರ್ಯ ಮುಳುಗುವ ಹೊತ್ತಿಗೆ ಚಾವಣಿಯ ಮೇಲೆ ಬೀಳುವ ದೀಪಗಳ ಬಣ್ಣ ಬದಲಾಗುತ್ತ ಹೋದಂತೆ ಆಕಾಶವೂ ಹಸಿರಾಗಿ, ಗುಲಾಬಿಯಾಗಿ ಕಾಣತೊಡಗುತ್ತದೆ.

2018ರಲ್ಲಿ ಡಲ್ಲಾಸ್‌ನಲ್ಲಿ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ 'ಅಕ್ಕ'ದ ವಿಶ್ವ ಕನ್ನಡ ಸಮ್ಮೇಳನ ನಡೆಯಿತು. ಆಗ ಬಂದಿದ್ದ ಕನ್ನಡಿಗರಲ್ಲಿ ಎಷ್ಟು ಮಂದಿ 50 ಕಿ.ಮೀ. ಆಚೆಯ ಫೋರ್ಟ್ ವರ್ತ್‌ಗೆ ಹೋಗಿ ಕಿಂಬೆಲ್ ಮ್ಯೂಸಿಯಂ ನೋಡಿದರೋ! ಲೂಯಿ ಕಾನ್ ಕಟ್ಟಿದ ಈ ಕಟ್ಟಡ 1972ರದ್ದು. ಅಹಮದಾಬಾದಿನ ಐಐಎಂ ಕಟ್ಟಿದವನೂ ಅವನೇ. ಅವನನ್ನು ಅಲ್ಲಿಗೆ ಕರೆಸಿದ ಬಿ.ವಿ. ದೋಶಿಯವರೇ ಮುಂದೆ ಬೆಂಗಳೂರಿನ ಐಐಎಂ ರೂಪಿಸಿದರು. ಬನ್ನೇರುಘಟ್ಟ ರಸ್ತೆಯ ಆ ಕಲ್ಲಿನ ಓಣಿಗಳಲ್ಲಿ ಬಿಸಿಲು-ನೆರಳಿನ ಆಟ ನೋಡಿದವರಿಗೆ ಕಿಂಬೆಲ್ ಹೊರಗಿನದೆನಿಸುವುದಿಲ್ಲ. ಉದ್ದನೆಯ ಕಮಾನು ಮಾಡುಗಳ ನೆತ್ತಿಯಲ್ಲಿ ಸಣ್ಣ ಸೀಳು. ಅಲ್ಲಿಂದ ಬಿದ್ದ ಬಿಸಿಲನ್ನು ಅಲ್ಯೂಮಿನಿಯಂ ರೆಕ್ಕೆಗಳು ಮೇಲಕ್ಕೇ ಚಿಮ್ಮಿಸಿ ಕಾಂಕ್ರೀಟನ್ನು ಬೆಳ್ಳಿಯ ಬಣ್ಣಕ್ಕೆ ತಿರುಗಿಸುತ್ತವೆ. ಕಾಂಕ್ರೀಟ್ ಇಷ್ಟು ಮೃದುವಾಗಿ ಕಂಡದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಕ್ಯಾರವಾಜಿಯೊ, ಮೈಕೆಲೇಂಜೆಲೊ ಚಿತ್ರಗಳಿರುವ ಇಲ್ಲಿನ ಸ್ವಂತ ಸಂಗ್ರಹಕ್ಕೂ ಟಿಕೆಟ್ಟಿಲ್ಲ.

ಆಸ್ಟಿನ್ನಿಗೆ ಹೋಗುವ ಕನ್ನಡಿಗರು ಅಲ್ಲಿನ ಸೇತುವೆಯೊಂದರ ಅಡಿಯಲ್ಲಿ ನೆಲೆಸಿರುವ ಬಾವಲಿಗಳನ್ನು ತಪ್ಪದೆ ನೋಡುತ್ತಾರೆ, ನೋಡಲಿ. ಆದರೆ ಹಗಲನ್ನು ಟೆಕ್ಸಸ್ ವಿಶ್ವವಿದ್ಯಾಲಯದ ಹ್ಯಾರಿ ರ್‍ಯಾನ್ಸಮ್ ಸೆಂಟರಿಗೆ ಮೀಸಲಿಡಬೇಕು ಎನ್ನುತ್ತೇನೆ. ಕ್ಯಾಮೆರಾದಿಂದ ತೆಗೆದು ಇಂದಿಗೂ ಉಳಿದಿರುವ ಅತ್ಯಂತ ಹಳೆಯ ಛಾಯಾಚಿತ್ರ ಇಲ್ಲಿದೆ. ಫ್ರಾನ್ಸಿನ ನೀಪ್ಸ್ 1820ರ ದಶಕದಲ್ಲಿ ಒಂದು ಲೋಹದ ತಗಡನ್ನು ಗಂಟೆಗಟ್ಟಲೆ ಬಿಸಿಲಿಗೆ ಒಡ್ಡಿ ತನ್ನ ಕಿಟಕಿಯಾಚೆಯ ಮಾಡುಗಳನ್ನು ಹಿಡಿದಿಟ್ಟ. ಎದುರು ನಿಂತರೆ ಬರೀ ತಗಡು. ಬಗ್ಗಿ, ಪಕ್ಕಕ್ಕೆ ಸರಿದು, ಸರಿಯಾದ ಕೋನ ಸಿಕ್ಕಾಗ ಗೋಡೆಗಳು ಮೂಡುತ್ತವೆ.

ಹಾಸನದಲ್ಲಿ 1908ರಲ್ಲಿ ಹುಟ್ಟಿದ, 'ಕಾಂತಪುರ' ಬರೆದ ರಾಜಾ ರಾವ್ ಅವರ ಕಾಗದಪತ್ರಗಳು ಇರುವುದೂ ಇದೇ ಕಟ್ಟಡದಲ್ಲಿ. 1966ರಿಂದ ಅವರು ಈ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಕಲಿಸಿದರು. ನಿವೃತ್ತರಾದ ಮೇಲೂ ಆಸ್ಟಿನ್ನಿನಲ್ಲೇ ಉಳಿದು 2006ರಲ್ಲಿ ಅಲ್ಲೇ ತೀರಿಕೊಂಡರು. ಅವರ ಮೊದಮೊದಲ ಬರಹಗಳು ಅಚ್ಚಾದದ್ದು 'ಜಯ ಕರ್ನಾಟಕ' ಪತ್ರಿಕೆಯಲ್ಲಿ, ಕನ್ನಡದಲ್ಲಿ. ಆಸ್ಟಿನ್ನಿನಲ್ಲಿ ಮಕ್ಕಳನ್ನು ಓದಿಸುತ್ತಿರುವ ನಮ್ಮ ಮನೆಗಳಲ್ಲಿ ಈ ಹೆಸರು ಕೇಳಿಬರಬೇಕು ಎಂಬ ಆಸೆ ನನಗೆ ಬಲವಾಗಿದೆ. ಸೆಂಟರಿನ ಓದುಕೋಣೆಗೆ ಪ್ರಾಧ್ಯಾಪಕರೇ ಆಗಬೇಕೆಂದಿಲ್ಲ, ಮೊದಲೇ ನೋಂದಾಯಿಸಿಕೊಂಡು ಯಾರು ಬೇಕಾದರೂ ಹೋಗಬಹುದು. ಮುಂದಿನ ಸಲ ಮೊಮ್ಮಗಳಿಗೆ ನೀಪ್ಸ್‌ನ ತಗಡು ತೋರಿಸಿ, ಅವಳನ್ನು ಮಗಳ ಜೊತೆ ಕಳುಹಿಸಿ, ನಾನು ಆ ಕೋಣೆಯಲ್ಲಿ ಕೂರುತ್ತೇನೆ.